ಕೋಟು ಸ್ಟುಡಿಯೋದ್ದು, ಕಾಲು ಹೊಲದ್ದು: ಹಳೆಯ ಫೋಟೋಗಳ ಬಗ್ಗೆ ನಮ್ಮ ತಪ್ಪು ಕಲ್ಪನೆಗಳು

ರಾಮದುರ್ಗದ ಹಳೆಯ ಮನೆಯೊಂದರ ಪಡಸಾಲೆಗೆ ಕಾಲಿಟ್ಟು ತಲೆ ಎತ್ತಿ ನೋಡಿ. ತೊಲೆಯ ಕೆಳಗೆ ಕಟ್ಟು ಹಾಕಿಸಿದ ಫೋಟೋಗಳು ಸಾಲಾಗಿ ತೂಗಿರುತ್ತವೆ. ಗೋಡೆಗೆ ಒರಗದೆ, ಬಂದವರನ್ನು ಬಗ್ಗಿ ಮಾತಾಡಿಸುವಂತೆ ಮುಂದಕ್ಕೆ ಬಾಗಿರುತ್ತವೆ. ಒಂದು ಕಡೆ ದೇವರ ಪಟ, ಮಗ್ಗುಲಿಗೆ ಹಿರಿಯರ ಪಟ. ಗಾಜಿನ ಹಿಂದೆ ಒಲೆಯ ಹೊಗೆ ಕಟ್ಟಿದ ಬಣ್ಣ, ಮೂಲೆಯಲ್ಲಿ ಗೆದ್ದಲಿನ ಗೆರೆ. ಇವರು ಯಾರೆಂದು ಮನೆಯ ಮುದುಕಿಯನ್ನು ಕೇಳಿದರೆ ಒಂದೊಂದು ಮುಖಕ್ಕೆ ಒಂದೊಂದು ಹೆಸರು, ಒಂದೊಂದು ಕಥೆ. ಮೊಮ್ಮಕ್ಕಳನ್ನು ಕೇಳಿದರೆ, ‘ಹಳೇ ಮಂದಿರಿ’ ಎಂಬ ಒಂದೇ ಉತ್ತರ.

ಆ ಕಥೆಗಳು ಮರೆತ ಜಾಗದಲ್ಲಿ ಊಹೆಗಳು ಬೆಳೆದಿವೆ. ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುತ್ತೇವೆ. ಆದರೆ ಅದು ಪೂರ್ತಿ ಮಾತನ್ನೂ ಆಡುವುದಿಲ್ಲ. ಅರ್ಧ ಮಾತು ಕಾಗದದ ಮೇಲಿದ್ದರೆ, ಉಳಿದರ್ಧ ಆ ಮನೆಯವರ ನೆನಪಿನಲ್ಲಿದೆ. ಎರಡನ್ನೂ ಕೂಡಿಸಿ ಓದದೆ ಮಾಡಿಕೊಂಡ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣನ ಫೋಟೋ ನಮ್ಮಲ್ಲಿದೆ

ವಾಸ್ತವ: ಶಾಲೆಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇವರ ಚಿತ್ರಗಳಿವೆ. ನಾವು ಅವನ್ನು ಫೋಟೋ ಎಂದೇ ಕರೆಯುತ್ತೇವೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಬೆಳಕಿನಿಂದ ಚಿತ್ರ ಮೂಡಿಸುವ ದಾಗೆರ್ ಎಂಬಾತನ ವಿಧಾನವನ್ನು ಪ್ಯಾರಿಸ್‌ನಲ್ಲಿ ಲೋಕಕ್ಕೆ ಬಿಡಿಸಿ ಹೇಳಿದ್ದು 1839ರ ಆಗಸ್ಟ್ 19ರಂದು. ರಾಯಣ್ಣ ಹೋಗಿ ಎಂಟು ವರ್ಷದ ಮೇಲೆ ಲೋಕಕ್ಕೆ ಬಂದ ವಿದ್ಯೆ ಅವನ ಮುಖವನ್ನು ಹಿಡಿದಿರಲಾರದು. ನಾವು ನೋಡುತ್ತಿರುವುದು ಚಿತ್ರಕಾರರ ಭಕ್ತಿ ಮೂಡಿಸಿದ ರೂಪ. 1961ರ ‘ಕಿತ್ತೂರು ಚೆನ್ನಮ್ಮ’ ಸಿನಿಮಾ ಬಂದ ಮೇಲಂತೂ ಬಿ. ಸರೋಜಾದೇವಿಯವರ ಮುಖವೂ ಅನೇಕರ ಮನಸ್ಸಿನಲ್ಲಿ ರಾಣಿಯ ಮುಖದೊಂದಿಗೆ ಬೆರೆತುಹೋಯಿತು. ಇದನ್ನು ಒಪ್ಪಿಕೊಂಡರೆ ಅವರ ಮೇಲಿನ ಗೌರವ ಕಡಿಮೆಯಾಗದು. ಮುಖ ಉಳಿಯದಿದ್ದರೂ ಹೆಸರು ಉಳಿಸಿಕೊಂಡ ಜನ ನಾವು. ನಮ್ಮ ಮನೆಗಳಲ್ಲಿ ಈಗ ಆಗುತ್ತಿರುವುದು ಇದರ ತಿರುಗುಮುರುಗು: ಗೋಡೆಯ ಮೇಲೆ ಮುಖವಿದೆ, ಹೆಸರು ಹೋಗಿದೆ.

ತಪ್ಪು ಕಲ್ಪನೆ 2: ಹಳೆಯ ಕಾಲದಲ್ಲಿ ರಾಜರು, ಸಾಹೇಬರಷ್ಟೇ ಫೋಟೋದಲ್ಲಿದ್ದರು

ವಾಸ್ತವ: ಬಡವರೂ ಮೊದಲಿನಿಂದಲೇ ಇದ್ದಾರೆ, ಹೆಸರಿಲ್ಲದೆ ಇದ್ದಾರೆ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕ್ಯಾಮೆರಾದಲ್ಲಿ ಹಿಡಿದ. ಅವನ ಬೆನ್ನಿಗೆ ಪಿಗೊ ಎಂಬ ವೈದ್ಯ ಧಾರವಾಡ, ಮೈಸೂರು ಸೀಮೆಗಳ ಗುಡಿಗಳನ್ನು ತೆಗೆದ. ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ರಾಮದುರ್ಗವನ್ನು ಬಳಸಿ ಹರಿಯುವ ಮಲಪ್ರಭೆಯೇ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟುವುದು. ಅದೇ ಹೊಳೆದಂಡೆಯ ಜನ ಆ ಕಾಲದ ಗುಡಿಚಿತ್ರಗಳ ಅಂಚಿನಲ್ಲಿ ಕೂತಿದ್ದಾರೆ, ಕಂಬಕ್ಕೆ ಒರಗಿ ನಿಂತಿದ್ದಾರೆ. ಕಂಬದ ಎತ್ತರ ನೋಡುವವರಿಗೆ ತಿಳಿಯಲೆಂದು ಮನುಷ್ಯರನ್ನು ಹೀಗೆ ನಿಲ್ಲಿಸುವುದು ಅಂದಿನ ರೂಢಿ. ಅಂಥ ಚಿತ್ರಗಳ ಕೆಳಗೆ ಗುಡಿಯ ಹೆಸರಿರುತ್ತದೆ, ಅಳತೆಗೋಲಾಗಿ ನಿಂತವನದು ಇರುವುದಿಲ್ಲ.

1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಫೋಟೋ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮನುಷ್ಯರನ್ನು ಜಾತಿಯ, ಬುಡಕಟ್ಟಿನ ಮಾದರಿಗಳಂತೆ ಜೋಡಿಸಿತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆ ಮಾಡಿದ್ದ ಬಾಸೆಲ್ ಮಿಷನ್ನಿನವರು ತೆಗೆದ ಇಲ್ಲಿಯ ಜನರ ಫೋಟೋಗಳೂ ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಮನೆಯಲ್ಲಿವೆ.

ರಾಮದುರ್ಗದ ಕಥೆಯೂ ಬೇರೆಯಲ್ಲ. ಇದು ಭಾವೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸರ ಭಾವಚಿತ್ರಗಳಿಗೆ ಅರಮನೆಯ ಗೋಡೆ ಇತ್ತು. 1939ರ ಏಪ್ರಿಲ್‌ನಲ್ಲಿ ತಮ್ಮ ನಾಯಕರ ಬಂಧನದಿಂದ ಕೆರಳಿ ಸಂಸ್ಥಾನದ ವಿರುದ್ಧ ಎದ್ದ ನೇಕಾರರು, ರೈತರು, ಸಣ್ಣ ವ್ಯಾಪಾರಿಗಳ ಮುಖಗಳಿಗೆ ಇರುವುದು ಅವರವರ ಮನೆಯ ಗೋಡೆ, ಅವರವರ ಟ್ರಂಕು. ನಮ್ಮ ಊರಿನ ಚರಿತ್ರೆಯ ಒಂದು ಭಾಗ ಇನ್ನೂ ಅಲ್ಲೇ ಇದೆ.

ತಪ್ಪು ಕಲ್ಪನೆ 3: ಆಯುಷ್ಯ ಕಡಿಮೆಯಾಗುತ್ತದೆಂದು ಹೆದರಿ ನಮ್ಮ ಹಿರಿಯರು ಫೋಟೋ ತೆಗೆಸಿಕೊಳ್ಳಲಿಲ್ಲ

ವಾಸ್ತವ: ‘ಫೋಟೋ ತಗಸಿಕೊಂಡ್ರ ಆಯುಷ್ಯ ಕಡಿಮಿ ಆಕ್ಕೈತಿ’ ಎಂಬ ಮಾತು ಇದ್ದದ್ದು ನಿಜ. ಅದೊಂದೇ ಕಾರಣವೆಂದರೆ ಹಿರಿಯರಿಗೆ ಅನ್ಯಾಯ ಮಾಡಿದಂತೆ. ದೊಡ್ಡ ಅಡ್ಡಿ ದುಡ್ಡು, ಅದರ ಮೇಲೆ ದೂರ. ಸ್ಟುಡಿಯೋ ಇದ್ದದ್ದು ಪೇಟೆಯಲ್ಲಿ. ರಾಮದುರ್ಗಕ್ಕೆ ರೈಲು ಇಂದಿಗೂ ಬಂದಿಲ್ಲ. ಹಳ್ಳಿಯವರಿಗೆ ಒಂದು ಫೋಟೋ ಎಂದರೆ ಒಂದು ದಿನದ ಕೂಲಿ ಬಿಟ್ಟು, ಚಕ್ಕಡಿ ಕಟ್ಟಿಯೋ ನಡೆದೋ ಹೋಗಿಬರುವ ಕೆಲಸ.

ಕ್ಯಾಮೆರಾವೇ ಕಾಲ ಬಳಿ ಬಂದಾಗ ಅದೇ ಜನ ಸಾಲುಗಟ್ಟಿದರು. ಜಾತ್ರೆಗಳಲ್ಲಿ ಪರದೆ ಕಟ್ಟಿದ ಫೋಟೋ ಅಂಗಡಿಗಳು ಬರುತ್ತಿದ್ದವು. ಮೂರು ಕಾಲಿನ ಮೇಲೆ ಮರದ ಡಬ್ಬಿ, ಅದಕ್ಕೊಂದು ಕರಿ ಬಟ್ಟೆಯ ತೋಳು. ಫೋಟೋದವನು ಆ ತೋಳಿನೊಳಗೆ ಕೈ ಹಾಕಿ ಡಬ್ಬಿಯ ಒಳಗೇ ಕಾಗದ ತೊಳೆದು ತೆಗೆಯುತ್ತಿದ್ದ. ಮೊದಲು ಬರುವುದು ನೆಗೆಟಿವ್, ಮುಖ ಕಪ್ಪು ಕೂದಲು ಬಿಳುಪು. ಅದನ್ನೇ ಮತ್ತೆ ಕ್ಯಾಮೆರಾದ ಮುಂದಿಟ್ಟು ತೆಗೆದರೆ ನಿಜವಾದ ಮುಖ. ಗೊಡಚಿಯ ವೀರಭದ್ರೇಶ್ವರನಿಗೆ ಕಾಯಿ ಒಡೆಸಿ, ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಪಡ್ಡಲಗಿ ತುಂಬಿಸಿ ಬರುವಂತೆಯೇ, ಜಾತ್ರೆಯಿಂದ ಒಂದು ಫೋಟೋ ತರುವುದೂ ಹರಕೆಯಷ್ಟೇ ಆಸೆಯ ಸಂಗತಿಯಾಯಿತು.

ತಪ್ಪು ಕಲ್ಪನೆ 4: ಯಾರೂ ನಗುತ್ತಿಲ್ಲ, ಅಂದರೆ ಬದುಕಿನಲ್ಲಿ ನಗುವೇ ಇರಲಿಲ್ಲ

ವಾಸ್ತವ: ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, ಆಗ ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು ಎಂಬುದು. ಅದು 1840ರ ಸುಮಾರಿಗೆ ನಿಜ; ಬಿಸಿಲಿನಲ್ಲೂ ನಿಮಿಷಗಟ್ಟಲೆ ಕೂರಬೇಕಿತ್ತು. 1880ರ ದಶಕದ ಹೊತ್ತಿಗೆ ಜೆಲಾಟಿನ್ ಲೇಪದ ಒಣ ಗಾಜಿನ ಪ್ಲೇಟುಗಳು ಬಂದು, ಒಳ್ಳೆಯ ಬೆಳಕಿದ್ದರೆ ಒಂದು ಸೆಕೆಂಡಿಗೂ ಕಡಿಮೆ ಸಮಯ ಸಾಕಾಯಿತು. ನಮ್ಮ ಮನೆಗಳಲ್ಲಿರುವ ಫೋಟೋಗಳು ಬಹುತೇಕ ಅದಕ್ಕೂ ಎಷ್ಟೋ ಈಚಿನವು. ಬೇಕೆಂದರೆ ನಗಬಹುದಿತ್ತು.

ನಗಲಿಲ್ಲ, ಏಕೆಂದರೆ ಅದು ನಗುವ ಸಂದರ್ಭವಾಗಿರಲಿಲ್ಲ. ಆ ಒಂದು ಫೋಟೋ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆಂದು ಅವರಿಗೆ ಗೊತ್ತಿತ್ತು. ಹಿರಿಯರ ಮುಂದೆ ಹಲ್ಲು ಬಿಡುವುದು ಮರ್ಯಾದೆಯಲ್ಲ ಎಂದು ಬೆಳೆದವರು, ತಮ್ಮ ಮುಂದಿನ ಪೀಳಿಗೆಯ ಎದುರು ಅದೇ ಮರ್ಯಾದೆಯಿಂದ ಕೂತರು. ಹಂತಿ ಹಾಡು, ಸೋಬಾನೆ, ಡೊಳ್ಳಿನ ಪದ, ಬಯಲಾಟದಲ್ಲಿ ಬೆಳಗು ಮಾಡಿದ ಜನ ಇವರು. ಅವರ ನಗು ಕಟ್ಟೆಯ ಮೇಲೆ, ಕಣದಲ್ಲಿ ಇತ್ತು. ಅಲ್ಲಿಗೆ ಕ್ಯಾಮೆರಾ ಹೋಗಿರಲಿಲ್ಲ.

ತಪ್ಪು ಕಲ್ಪನೆ 5: ಫೋಟೋದಲ್ಲಿ ಉಟ್ಟದ್ದೇ ದಿನನಿತ್ಯದ ಉಡುಪು

ವಾಸ್ತವ: ಸ್ಟುಡಿಯೋದಲ್ಲಿ ಗೂಟಕ್ಕೆ ಒಂದು ಕೋಟು ತೂಗುಹಾಕಿರುತ್ತಿದ್ದರು. ಕನ್ನಡಿ, ಬಾಚಣಿಕೆ, ಪೌಡರಿನ ಡಬ್ಬಿ, ಕೈಗಡಿಯಾರ, ಪ್ಲಾಸ್ಟಿಕ್ ಹೂದಾನಿ, ಹಿಂದೆ ಕೊಳ, ಮೆಟ್ಟಿಲು, ಅರಮನೆಯ ಕಂಬ ಬರೆದ ಪರದೆ. ಬಂದವರು ಆ ಕೋಟು ತೊಟ್ಟು, ಗಡಿಯಾರ ಕಾಣುವಂತೆ ಕೈ ಇಟ್ಟು ಕೂರುತ್ತಿದ್ದರು. ಆ ಫೋಟೋಗಳ ಕೆಳಭಾಗ ನೋಡಿ. ಕೋಟಿನ ಕೆಳಗೆ ಧೋತರ, ಧೋತರದ ಕೆಳಗೆ ಬರಿಗಾಲು, ಎರಿ ಮಣ್ಣಿನಲ್ಲಿ ಒಡೆದ ಹಿಮ್ಮಡಿ. ಕೋಟು ಸ್ಟುಡಿಯೋದ್ದು, ಕಾಲು ಹೊಲದ್ದು.

ಇದನ್ನು ಆಡಂಬರ ಎನ್ನಬಾರದು. ವರ್ಷವಿಡೀ ಮೈಮುರಿದು ದುಡಿದವನು ಒಂದು ನಿಮಿಷ ತಾನು ಹೇಗೆ ಕಾಣಬೇಕೆಂದು ಬಯಸಿದನೋ ಅದು ಮೇಲಿನರ್ಧ. ಅವನು ಹೇಗೆ ಬದುಕಿದನೋ ಅದು ಕೆಳಗಿನರ್ಧ. ಒಂದೇ ಚೌಕಟ್ಟಿನಲ್ಲಿ ಬಯಕೆಯೂ ಇದೆ, ಬದುಕೂ ಇದೆ.

ತಪ್ಪು ಕಲ್ಪನೆ 6: ಅವರ ಲೋಕ ಮಂಕಾಗಿತ್ತು, ಜನ ಇನ್ನೂ ಕಪ್ಪಗಿದ್ದರು

ವಾಸ್ತವ: ಇದು ಕಣ್ಣಿನ ತಪ್ಪಲ್ಲ, ರಸಾಯನದ ಕೆಲಸ. ಮೊದಲಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಹಸಿರೂ ಕಂಡಿತು, ಕೆಂಪು ಕಾಣಲಿಲ್ಲ. ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು 1906ರಲ್ಲಿ ಮಾರುಕಟ್ಟೆಗೆ ಬಂದರೂ ಎಲ್ಲ ಕಡೆ ಹಬ್ಬಲು ದಶಕಗಳೇ ಹಿಡಿದವು. ಕೆಂಪು ಕಾಣದ ಕಣ್ಣಿಗೆ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕರ್ರಗೆ, ತಿಳಿನೀಲಿ ಬಟ್ಟೆ ಬೆಳ್ಳಗೆ. ಕಂದು ಮೈಬಣ್ಣದಲ್ಲಿರುವ ಕೆಂಪೂ ಅದಕ್ಕೆ ಕಾಣದೆ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಮೂಡುತ್ತಿತ್ತು. ‘ನಮ್ಮ ಮುತ್ಯಾ ಇಷ್ಟು ಕರ್ರಗಿದ್ನಾ?’ ಎಂದು ಕೇಳುವ ಮೊದಲು ಇದನ್ನು ನೆನೆಯಬೇಕು.

ಈಗ ಇಳಕಲ್ಲ ಸೀರೆ ಉಟ್ಟು ನಿಂತ ಅಜ್ಜಿಯ ಫೋಟೋ ನೋಡಿ. ಸೆರಗೆಲ್ಲ ಕರ್ರಗೆ, ನಡುವೆ ಬಿಳಿ ಗೆರೆ. ಆ ಕಪ್ಪು ನಿಜದಲ್ಲಿ ಉರಿಗೆಂಪು ರೇಷ್ಮೆ. ಬಿಳಿ ಗೆರೆ ಟೋಪು ತೆಣಿ ಎಂಬ ಸೆರಗಿನ ವಿನ್ಯಾಸ. ಒಡಲು ಬೇರೆ ಸೆರಗು ಬೇರೆ ಹಾಸಿನಲ್ಲಿ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ನೇಯ್ಗೆ ಆ ಸೀರೆಯದು. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ರಾಮದುರ್ಗ ಮಗ್ಗದ ಸದ್ದಿನಲ್ಲಿ ಬೆಳೆದ ಊರು. ಇಲ್ಲಿಯ ನೇಕಾರರ ಮನೆಯ ಹಿರಿಯರಿಗೆ ಕಪ್ಪು-ಬಿಳುಪು ಫೋಟೋ ತೋರಿಸಿದರೆ ದಡಿಯ ನೇಯ್ಗೆ ನೋಡಿ ಬಣ್ಣ ಏನಿದ್ದೀತೆಂದು ಹೇಳುವವರು ಸಿಗುತ್ತಾರೆ. ಫಿಲ್ಮಿಗೆ ಕಾಣದ ಬಣ್ಣ ಅವರ ಕಣ್ಣಿನಲ್ಲಿ ಉಳಿದಿದೆ.

ತಪ್ಪು ಕಲ್ಪನೆ 7: ಹೂಮಾಲೆ ಹಾಕಿಕೊಂಡು ನಡುವೆ ಕುಳಿತ ಹಿರಿಯರದು ಸನ್ಮಾನದ ಫೋಟೋ

ವಾಸ್ತವ: ಎಷ್ಟೋ ಸಲ ಅದು ಕಡೆಯ ಫೋಟೋ. ಲಿಂಗಾಯತರಲ್ಲಿ ಮೃತರನ್ನು ಕುಳಿತ ಭಂಗಿಯಲ್ಲೇ ಸಮಾಧಿ ಮಾಡುವುದು ಸಂಪ್ರದಾಯ. ಮಡಿ ಉಡಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿ ಕೂರಿಸುತ್ತಾರೆ. ಸುತ್ತ ಭಜನೆ ನಡೆಯುತ್ತಿರುತ್ತದೆ. ಆಗ ಪೇಟೆಗೆ ಒಬ್ಬರನ್ನು ಅಟ್ಟಿ ಫೋಟೋದವರನ್ನು ಕರೆಸುತ್ತಿದ್ದರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸುತ್ತ ಕೂತು ತೆಗೆಸಿದ ಆ ಫೋಟೋವೇ ಕೆಲವು ಮನೆಗಳಲ್ಲಿ ಇಡೀ ಕುಟುಂಬ ಒಟ್ಟಿಗಿರುವ ಏಕೈಕ ಫೋಟೋ. ಮುಚ್ಚಿದ ಕಣ್ಣು, ದಟ್ಟ ವಿಭೂತಿ, ಸುತ್ತಲಿನವರ ಬಾಡಿದ ಮುಖ ನೋಡಿದರೆ ತಿಳಿಯುತ್ತದೆ. ಇದನ್ನು ವಿಚಿತ್ರವೆಂದು ನೋಡುವವರಿಗೆ ಒಂದು ಮಾತು: ಬದುಕಿದ್ದಾಗ ಒಂದೂ ಫೋಟೋ ತೆಗೆಸಲಾಗದವರ ಮುಖವನ್ನು ಮನೆಯವರು ಹಾಗೆ ಉಳಿಸಿಕೊಂಡರು.

ಇದರ ಎದುರು ದಿಕ್ಕಿನ ತಪ್ಪು ಯುರೋಪಿನ ಹಳೆಯ ಫೋಟೋಗಳ ಬಗ್ಗೆ ಓಡಾಡುತ್ತಿದೆ. ಬೆನ್ನ ಹಿಂದೆ ಕಬ್ಬಿಣದ ಊರುಗೋಲು ಕಂಡರೆ ‘ಶವವನ್ನು ನಿಲ್ಲಿಸಿದ್ದಾರೆ’ ಎನ್ನುತ್ತಾರೆ. ಆ ಗೋಲು ಇದ್ದದ್ದು ಬದುಕಿದ್ದವರ ತಲೆ ಅಲುಗದಿರಲೆಂದು. ದೇಹದ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ.

ತಪ್ಪು ಕಲ್ಪನೆ 8: ಹಿಂಬದಿಯಲ್ಲಿ ಮರಾಠಿ ಇದೆ, ಹಾಗಾದರೆ ಆ ಮನೆಯವರು ಕನ್ನಡದವರಲ್ಲ

ವಾಸ್ತವ: ಭಾಷೆಯ ಹೆಸರಿನಲ್ಲಿ ಬೇಗ ಬಿಸಿಯಾಗುವ ಗಡಿಜಿಲ್ಲೆ ನಮ್ಮದು, ಹಾಗಾಗಿ ಇದನ್ನು ಸಮಾಧಾನದಿಂದ ಹೇಳಬೇಕು. ಮುಂಬಯಿ ಪ್ರಾಂತದ ಈ ಭಾಗದಲ್ಲಿ ಕಚೇರಿಯ ಬರಹ, ಲೆಕ್ಕಪತ್ರ ಬಹುಕಾಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆದವು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಪಟ್ಟು ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಬೇಕಾಯಿತು. ರಾಮದುರ್ಗದ ಅರಸು ಮನೆತನದ ಮಾತೂ ಮರಾಠಿ. ಹೀಗಾಗಿ ಮನೆಯಲ್ಲಿ ಅಚ್ಚ ಕನ್ನಡ ಆಡುತ್ತಿದ್ದವರೂ ಲೆಕ್ಕ, ಪತ್ರ ಮರಾಠಿಯಲ್ಲಿ ಬರೆಯುವುದು ಸಹಜವಾಗಿತ್ತು. ಫೋಟೋದ ಹಿಂಬದಿಯ ಮೋಡಿ ಅಕ್ಷರ ಆ ಮನೆಯವರು ಯಾವ ಶಾಲೆಗೆ ಹೋದರು, ಯಾವ ಕಚೇರಿಯಲ್ಲಿ ಕಾಗದ ಕೊಟ್ಟರು ಎಂಬುದರ ಗುರುತು. ಅವರು ಮಕ್ಕಳನ್ನು ಯಾವ ಮಾತಿನಲ್ಲಿ ತೂಗಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ತಪ್ಪು ಕಲ್ಪನೆ 9: ಕಪ್ಪು-ಬಿಳುಪು ಎಂದರೆ ನೂರು ವರ್ಷ ಹಳೆಯದು

ವಾಸ್ತವ: ನಮ್ಮ ಕಡೆಯ ಸ್ಟುಡಿಯೋಗಳಲ್ಲಿ 1980ರ ದಶಕದವರೆಗೂ ಕಪ್ಪು-ಬಿಳುಪೇ ಹೆಚ್ಚು. ವಯಸ್ಸು ತಿಳಿಯಲು ಬಣ್ಣ ಬಿಟ್ಟು ಬೇರೆ ಗುರುತು ಹುಡುಕಬೇಕು. ದಪ್ಪ ರಟ್ಟಿಗೆ ಅಂಟಿಸಿದ್ದರೆ ಹಳೆಯದು. ಕತ್ತರಿಸಿದ ಹಲ್ಲುಹಲ್ಲಿನ ಬಿಳಿ ಅಂಚಿದ್ದರೆ ಬಹುತೇಕ 1930ರಿಂದ 60ರ ದಶಕದೊಳಗಿನದು. ಕೈಯಲ್ಲಿ ಎಚ್‌ಎಂಟಿ ಗಡಿಯಾರವಿದ್ದರೆ 1961ರ ಈಚಿನದು, ಏಕೆಂದರೆ ಬೆಂಗಳೂರಿನ ಆ ಕಾರ್ಖಾನೆಯಿಂದ ಗಡಿಯಾರ ಹೊರಬಂದದ್ದೇ ಆಗ. ಚಿಕ್ಕ ಚೌಕಾಕಾರದ್ದಾದರೆ ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಥ್ರೀಯಂಥ ಕ್ಯಾಮೆರಾದ್ದಿರಬಹುದು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಿಂಬದಿಯ ಸ್ಟುಡಿಯೋ ಮುದ್ರೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

ತಪ್ಪು ಕಲ್ಪನೆ 10: ಎಲ್ಲರ ಮನೆಯಲ್ಲೂ ಹಿರಿಯರ ಫೋಟೋ ಇದ್ದೇ ಇರುತ್ತದೆ

ವಾಸ್ತವ: ಇಲ್ಲ. ಕೂಲಿ ಮಾಡಿ ಬದುಕಿದ ಎಷ್ಟೋ ಹೆಣ್ಣುಮಕ್ಕಳ ಮೊದಲ ಫೋಟೋ ತೆಗೆದದ್ದು ಸರಕಾರ. 1993ರಲ್ಲಿ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡುವ ಆದೇಶ ಬಂತು. ಶಾಲೆಯ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿ ಒಬ್ಬೊಬ್ಬರನ್ನೇ ಕೂರಿಸಿ ತೆಗೆದರು. ಆ ಮುದುಕಿ ತೀರಿಕೊಂಡಾಗ ಮಗ ಆ ಚೀಟಿಯನ್ನೋ ರೇಷನ್ ಕಾರ್ಡನ್ನೋ ಹಿಡಿದು ಸ್ಟುಡಿಯೋಕ್ಕೆ ಹೋಗುತ್ತಾನೆ. ಉಗುರಿನಷ್ಟು ಮುಖ ಗೋಡೆಯಷ್ಟು ದೊಡ್ಡದಾಗುತ್ತದೆ. ಅವಳು ಎಂದೂ ಉಡದ ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ಚಿನ್ನದ ಸರ ಸೇರುತ್ತವೆ. ಅದನ್ನು ನಕಲಿ ಎಂದು ಯಾರೂ ಹೀಗಳೆಯಬಾರದು. ಬದುಕಿದ್ದಾಗ ಕೊಡಿಸಲಾಗದ್ದನ್ನು ಮಗ ಅಲ್ಲಿ ಕೊಡಿಸಿದ್ದಾನೆ.

ತಪ್ಪು ಕಲ್ಪನೆ 11: ಫೋಟೋದಲ್ಲಿ ಕಾಣದ್ದು ಮುಖ್ಯವಾದದ್ದಲ್ಲ

ವಾಸ್ತವ: ಮಸಕು ಹರಿಯುವ ಮುನ್ನ ಬೀಸುಕಲ್ಲಿನ ಮುಂದೆ ಕೂತ ಹೆಂಗಸು ಯಾವ ಫೋಟೋದಲ್ಲಿದ್ದಾಳೆ? ಹೊಗೆ ತುಂಬಿದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೈ ಎಲ್ಲಿದೆ? ಆ ಕಾಲದ ಫಿಲ್ಮಿಗೆ ಬಿಸಿಲು ಬೇಕಿತ್ತು. ಕತ್ತಲೆಯ ಒಳಮನೆ ಅದಕ್ಕೆ ಕಾಣುತ್ತಿರಲಿಲ್ಲ. ಮಳೆ, ರಾತ್ರಿ, ಜಡ್ಡು, ಬಾಣಂತನ, ಬರಗಾಲದ ಗುಳೆ ಯಾವುದೂ ಕಟ್ಟು ಹಾಕಿಸುವ ಸಂಗತಿಯಾಗಿರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್‌ ಅವರಂಥವರು ಕ್ಯಾಮೆರಾ ಹಿಡಿದು ಬೀದಿಗೆ, ಹೊಲಕ್ಕೆ ಹೋಗಿ ಸಾಮಾನ್ಯರ ಕೆಲಸವನ್ನೇ ತೆಗೆದಾಗ ಅದು ಎಲ್ಲರಿಗೂ ಹೊಸದಾಗಿ ಕಂಡದ್ದು ಅದಕ್ಕೇ. ಮನೆಯ ಫೋಟೋದಲ್ಲಿ ಸೊಸೆ ಅಂಚಿನಲ್ಲಿ ಸೆರಗು ಎಳೆದುಕೊಂಡು ನಿಂತಿರುತ್ತಾಳೆ. ಮನೆ ನಡೆದದ್ದು ಅವಳ ಮೇಲೆಯೇ.

ತಪ್ಪು ಕಲ್ಪನೆ 12: ಮೊಬೈಲಿನಲ್ಲಿ ತೆಗೆದುಕೊಂಡು ಆಪ್‌ನಲ್ಲಿ ಬಣ್ಣ ಹಾಕಿದರೆ ಸಾಕು, ಹಳೆಯದು ಬೇಡ

ವಾಸ್ತವ: ಆಪ್ ಬಣ್ಣವನ್ನು ತಿಳಿದು ಹಾಕುವುದಿಲ್ಲ, ಊಹಿಸಿ ಹಾಕುತ್ತದೆ. ಇಳಕಲ್ಲದ ಕೆಂಪು ಸೆರಗನ್ನು ಅದು ಕರಿ ಬಟ್ಟೆ ಎಂದುಕೊಳ್ಳಬಹುದು. ಹಣೆಯ ವಿಭೂತಿಯನ್ನು ಗೀರು ಎಂದೂ, ಗದ್ದದ ಹಚ್ಚೆಯನ್ನು ಕಲೆ ಎಂದೂ ಬಗೆದು ಅಳಿಸಿಬಿಡಬಹುದು. ಪ್ರತಿ ಮಾಡಿಕೊಳ್ಳಿ, ಮೂಲವನ್ನು ಎಸೆಯಬೇಡಿ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಬೇಡ, ಅದನ್ನು ಮತ್ತೆ ಬಿಡಿಸಲಾಗದು. ಅಂಟಿನ ಹಾಳೆಯ ಆಲ್ಬಮ್ಮೂ ಬೇಡ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ಕಾಳುಕಡಿ, ಮಗ್ಗಗಳ ಜೊತೆ ಫೋಟೋಗಳೂ ನೆನೆದವು. ನೆನೆದ ಫೋಟೋ ಹಾಳಾಯಿತೆಂದು ತಿಪ್ಪೆಗೆ ಹಾಕಬೇಕಿಲ್ಲ. ಒಂದಕ್ಕೊಂದು ಅಂಟಿದ್ದರೆ ಒಣಗುವ ಮುನ್ನವೇ ಶುದ್ಧ ತಣ್ಣೀರಿನಲ್ಲಿ ಇಟ್ಟು ಮೆಲ್ಲಗೆ ಬಿಡಿಸಿ. ಮುಖದ ಭಾಗವನ್ನು ಬೆರಳಿನಿಂದ ಉಜ್ಜದೆ, ಚಿತ್ರ ಮೇಲಾಗಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ಗಾಜಿಗೆ ಅಂಟಿ ಒಣಗಿದ್ದನ್ನು ಕಿತ್ತರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಹಾಗೇ ಪ್ರತಿ ತೆಗೆಸಿ.

ನೀರಿಗಿಂತ, ಗೆದ್ದಲಿಗಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತಿದೆ. ಕಾಗದ ನೂರು ವರ್ಷ ಬಾಳೀತು. ಅದರಲ್ಲಿರುವ ಮುಖಕ್ಕೆ ಹೆಸರು ಹೇಳಬಲ್ಲ ಅಜ್ಜಿ ಅಷ್ಟು ಕಾಲ ಇರಲಾರಳು. ಆದ್ದರಿಂದ ಈ ಸಲದ ಹಬ್ಬಕ್ಕೆ ಊರಿಗೆ ಹೋದಾಗ ಪಡಸಾಲೆಯ ಪಟಗಳನ್ನು ಒಂದೊಂದಾಗಿ ಕೆಳಗಿಳಿಸಿ, ಅವಳ ಮುಂದೆ ಹರವಿ ಕೂರಿ. ಇವರು ಯಾರು, ಯಾವ ಜಾತ್ರೆ, ಆ ಸೀರೆ ಯಾವ ಬಣ್ಣದ್ದು, ಅಂಚಿನಲ್ಲಿ ನಿಂತವಳು ಯಾವ ಊರಿನಿಂದ ಬಂದವಳು ಎಂದು ಕೇಳಿ. ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಫೋಟೋದ ಬೆನ್ನ ಮೇಲೆ ಬರೆದಿಡಿ. ಬಾಲ್‌ಪೆನ್ ಬೇಡ, ಅದರ ಗೆರೆ ಮುಖದ ಮೇಲೆ ಮೂಡುತ್ತದೆ. ಗುಡಿಯ ಕಂಬಕ್ಕೆ ಅಳತೆಯಾಗಿ ನಿಂತವನ ಹೆಸರನ್ನು ಸಾಹೇಬರು ಬರೆದುಕೊಳ್ಳಲಿಲ್ಲ. ನಮ್ಮ ಪಡಸಾಲೆಯಲ್ಲಿರುವವರು ನಮ್ಮವರು, ಅವರ ಹೆಸರನ್ನು ನಾವಾದರೂ ಬರೆದುಕೊಳ್ಳೋಣ.